ಪೆಟ್ಟಿಗೆಯೊಳಗಿದ್ದ ದಾನಪತ್ರ

ಆ ಯಜಮಾನರು ನನ್ನ ಕೋಣೆಗೆ ಬಂದು ಮೊದಲು ಕೇಳಿದ್ದು ನನ್ನ ಫೀಸನ್ನಲ್ಲ, ನಾನು ಯಾರ ಮಗಳು ಎಂದು. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಪುರೋಹಿತರ ಮಗಳು ಎಂದ ಮೇಲೆ ಅವರಿಗೆ ಅರ್ಧ ಸಮಾಧಾನವಾಯಿತು. ಉಳಿದರ್ಧ ಕೊನೆಯವರೆಗೂ ಆಗಲಿಲ್ಲ. ಹೆಂಗಸು ವಕೀಲಳಾದರೆ ಮಾತು ಜಾಸ್ತಿ ಎಂಬುದು ಅವರ ನಂಬಿಕೆ. ನನ್ನ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಪಕ್ಕದ ಕೋಣೆಯಲ್ಲಿ ನಾನು ಬೋರ್ಡು ಹಾಕಿ ಎರಡು ವರ್ಷವಾಗಿತ್ತು. ಕೋರ್ಟಿನಲ್ಲಿ ನನಗೆ ಧಾರಾಳವಾಗಿ ಸಿಗುತ್ತಿದ್ದದ್ದು ವಾಯಿದೆ ಮಾತ್ರ. ಹೊಟ್ಟೆಪಾಡು ನಡೆಯುತ್ತಿದ್ದದ್ದು ಕ್ರಯಪತ್ರ, ಪಾಲುಪತ್ರ, ಉಯಿಲು ಬರೆಯುವುದರಿಂದ. ಯಜಮಾನರು ಹಳೇಕೋಟೆ ಕಡೆಯ ಹಳ್ಳಿಯವರು. ಎಪ್ಪತ್ತೈದು ದಾಟಿದ್ದರೂ ಬೆನ್ನು ನೆಟ್ಟಗಿತ್ತು, ಕೈಯಲ್ಲಿದ್ದ ಕೋಲು ಬರೀ ಶೋಕಿಗೆ. ಹುಣಸೆಮರಗಳ ಫಸಲನ್ನು ಗುತ್ತಿಗೆ ಹಿಡಿದು, ಹಣ್ಣು ಕುಟ್ಟಿಸಿ, ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಗಾಡಿ ಹೊಡೆದು ಮಾರಿದವರು. ಅದರಲ್ಲಿ ಉಳಿಸಿ ಒಂದು ತೆಂಗಿನ ತೋಟ ಮಾಡಿದ್ದರು, ಒಂದು ಹೆಂಚಿನ ಮನೆ ಕಟ್ಟಿದ್ದರು. ಎಲ್ಲವೂ ಸ್ವಯಾರ್ಜಿತ, ಪಿತ್ರಾರ್ಜಿತದ ತೊಡಕಿಲ್ಲ. ಇಂಥ ಕಕ್ಷಿದಾರರು ಸಿಕ್ಕರೆ ವಕೀಲರಿಗೆ ಹಬ್ಬ.

ಅವರ ಹೆಂಡತಿಯೂ ಜೊತೆಯಲ್ಲಿ ಬಂದಿದ್ದರು. ಒಳಗೆ ಬನ್ನಿ ಅಜ್ಜಿ ಎಂದೆ. ಅವರು ಬರದೆ ಬಾಗಿಲ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದರು. ನಾನೂ ಮತ್ತೆ ಕರೆಯಲಿಲ್ಲ. ಅಂದು ಅವರನ್ನು ಒಳಗೆ ಕೂರಿಸಿ ಎರಡು ಮಾತು ಕೇಳಿದ್ದರೆ ಮುಂದಿನ ಎರಡು ತಿಂಗಳ ಒದ್ದಾಟದಲ್ಲಿ ಅರ್ಧ ತಪ್ಪುತ್ತಿತ್ತು.

ಯಜಮಾನರಿಗೆ ಬೇಕಾಗಿದ್ದದ್ದು ಸರಳವಾಗಿತ್ತು. ತೋಟ ಇಬ್ಬರು ಗಂಡುಮಕ್ಕಳಿಗೂ ಸಮನಾಗಿ ಸೇರಬೇಕು. ಮನೆಯಲ್ಲಿ ಹೆಂಡತಿ ಇರುವಷ್ಟು ದಿನ ಯಾರೂ ಅವಳನ್ನು ಏಳು ಎನ್ನಬಾರದು, ಆಮೇಲೆ ಅದು ಕಿರಿಯ ಮಗನಿಗೆ. ಹಿರಿಯವನು ಅರಕಲಗೂಡಿನಲ್ಲಿ ವಿದ್ಯುತ್ ಲೈನ್‌ಮನ್, ಸರ್ಕಾರಿ ಸಂಬಳ. ಕಿರಿಯವನು ಊರಲ್ಲೇ ಇದ್ದು ಸೀಮೆಹಸು ಸಾಕಿ ಡೈರಿಗೆ ಹಾಲು ಹಾಕುತ್ತಾನೆ, ತೋಟ ನೋಡುತ್ತಾನೆ, ಅಪ್ಪ ಅಮ್ಮನಿಗೆ ಅನ್ನ ಹಾಕುವವನೂ ಅವನೇ. ಈಗ ದೊಡ್ಡ ಕೊಟ್ಟಿಗೆ ಕಟ್ಟಬೇಕೆಂದು ಬ್ಯಾಂಕಿಗೆ ಅರ್ಜಿ ಹಾಕಿದ್ದಾನೆ, ಬ್ಯಾಂಕಿನವರು ತೋಟದ ಕಾಗದ ಕೇಳಿದ್ದಾರೆ. ಆ ಗಡಿಬಿಡಿಯಲ್ಲೇ ಯಜಮಾನರಿಗೆ ತಮ್ಮ ಕಾಗದವನ್ನೂ ಸರಿ ಮಾಡಿಟ್ಟುಬಿಡೋಣ ಎನಿಸಿತ್ತು. ನಾನು ಪೆನ್ನು ತೆಗೆದೆ. ಅವರು ಕೈ ಅಡ್ಡ ಹಿಡಿದು ಒಂದು ಷರತ್ತು ಹೇಳಿದರು.

“ಸಾಯಾದು ಗೀಯಾದು ಅಂತ ಒಂದಕ್ಸರನೂ ಇರ್ಬಾರ್ದು ಕಣವ್ವ. ಬರ್ದ್ರೆ ಬಂದ್ಬುಡ್ತದೆ.”

ಇದು ನನಗೆ ಹೊಸದಲ್ಲ. ನಮ್ಮ ಕಡೆ ವಯಸ್ಸಾದವರು ಉಯಿಲು ಎಂದರೆ ಹಾಸಿಗೆ ಹಿಡಿದ ಮೇಲೆ ಬರೆಸುವುದು ಎಂದುಕೊಂಡಿರುತ್ತಾರೆ. ನಡೆದಾಡಿಕೊಂಡಿರುವವರು ಬರೆಸಿದರೆ ಯಮನಿಗೆ ವಿಳಾಸ ಕೊಟ್ಟಂತೆ ಎಂಬ ಭಯ. ನಾನು ತಿಳಿಸಿ ಹೇಳಿದೆ. ಉಯಿಲು ಜಾರಿಗೆ ಬರುವುದೇ ಬರೆದವರ ಕಾಲವಾದ ಮೇಲೆ, ಆ ಮಾತು ಬಿಟ್ಟರೆ ಅದು ಉಯಿಲೇ ಅಲ್ಲ ಎಂದೆ. ಅವರು ಒಪ್ಪಲಿಲ್ಲ. ಹೋದ ಸಲ ಬರೆದುಕೊಟ್ಟ ಪತ್ರ ಬರಹಗಾರ ಅಂಥ ಒಂದು ಮಾತೂ ಇಲ್ಲದೆ ಚೆನ್ನಾಗಿ ಬರೆದಿದ್ದ, ನಿನಗೆ ಯಾಕೆ ಆಗುವುದಿಲ್ಲ ಎಂದು ಕೇಳಿದರು.

ಹೋದ ಸಲ ಎಂದರೆ ಹತ್ತು ಹನ್ನೆರಡು ವರ್ಷದ ಹಿಂದೆ. ಆಗ ಅವರಿಗೆ ಹಾಸನದಲ್ಲಿ ಹೊಟ್ಟೆಯ ಆಪರೇಷನ್ ಆಗುವುದಿತ್ತು, ಅದಕ್ಕೆ ಮೊದಲು ಒಂದು ಕಾಗದ ಬರೆಸಿದ್ದರಂತೆ. ಬರೆದ ಬರಹಗಾರ ಈಗಿಲ್ಲ. ಕಾಗದ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ತರಲು ಸಾಧ್ಯವಿಲ್ಲ, ಅಂಥದ್ದನ್ನು ಸುಮ್ಮಸುಮ್ಮನೆ ಹೊರಗೆ ತೆಗೆಯಬಾರದು ಎಂದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹಳೆಯ ಉಯಿಲಿದ್ದರೆ ಹೊಸದರಲ್ಲಿ ಒಂದು ಸಾಲು ಬರೆದರೆ ರದ್ದಾಗುತ್ತದೆ ಎಂದುಕೊಂಡೆ. ಆದರೆ ಹಾಸನದ ನನ್ನ ಸೀನಿಯರ್ ಒಂದು ಅಭ್ಯಾಸ ಕಲಿಸಿದ್ದರು. ಯಾವ ಪತ್ರ ಬರೆಯುವುದಕ್ಕೂ ಮೊದಲು ಇ.ಸಿ. ತೆಗೆಸಬೇಕು. ಆ ಸ್ವತ್ತಿನ ಮೇಲೆ ಹಿಂದೆ ಯಾವ ಯಾವ ಪತ್ರ ನೋಂದಣಿಯಾಗಿದೆ ಎಂದು ಕಚೇರಿಯವರು ಪುಸ್ತಕ ಹುಡುಕಿ ಬರೆದುಕೊಡುವ ಪ್ರಮಾಣಪತ್ರ ಅದು. ಸುಮ್ಮನೆ ಅಭ್ಯಾಸಬಲದಿಂದ ಅರ್ಜಿ ಹಾಕಿದೆ. ಆಗ ಎಲ್ಲ ಕೈಯಲ್ಲೇ ಹುಡುಕುವ ಕಾಲ, ಒಂದು ವಾರ ಹಿಡಿಯಿತು.

ಬಂದದ್ದನ್ನು ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಒಂದೇ ಒಂದು ನಮೂದು ಇತ್ತು. ಪತ್ರದ ಸ್ವರೂಪ ದಾನಪತ್ರ. ಬರೆದುಕೊಟ್ಟವರು ಯಜಮಾನರು, ಬರೆಸಿಕೊಂಡವನು ಹಿರಿಯ ಮಗ. ಸ್ವತ್ತು ಇಡೀ ತೋಟ ಮತ್ತು ವಾಸದ ಮನೆ. ಉಯಿಲಾದರೆ ಇ.ಸಿ.ಯಲ್ಲಿ ಬರುವುದೇ ಇಲ್ಲ, ಅದರ ಪುಸ್ತಕವೇ ಬೇರೆ.

ಯಜಮಾನರು ಬಂದ ದಿನ ನಾನು ನನ್ನ ಬಾಯಿಗೆ ಬೀಗ ಹಾಕಬೇಕಿತ್ತು. ಹಾಕಲಿಲ್ಲ. ನೀವು ಬರೆಸಿದ್ದು ಉಯಿಲಲ್ಲ, ದಾನಪತ್ರ, ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ದಾನ ಕೊಟ್ಟದ್ದು ಕೊಟ್ಟ ಹಾಗೆ, ಈಗ ನಿಮ್ಮ ಹತ್ತಿರ ಬರೆಯುವುದಕ್ಕೆ ಏನೂ ಉಳಿದಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಉಯಿಲಿಗೆ ಛಾಪಾ ಕಾಗದವೇ ಬೇಡ, ಅಷ್ಟೊಂದು ದುಡ್ಡು ಕೊಟ್ಟು ಛಾಪಾ ಕಾಗದ ತಂದಾಗಲಾದರೂ ನಿಮಗೆ ಅನುಮಾನ ಬರಲಿಲ್ಲವೇ ಎಂದೂ ಕೇಳಿದೆ. ಯಜಮಾನರು ನನ್ನನ್ನೇ ನೋಡುತ್ತಿದ್ದರು.

“ಕಾಗ್ದ ನನ್ ಪೆಟ್ಗೇಲಿ ಅದೆ. ಬೀಗದ ಕೈ ನನ್ ಉಡಿದಾರ್ದಲ್ಲದೆ. ನಾನ್ ಕೊಡ್ದೆ ಕೊಟ್ಟಂಗೆ ಎಂಗಾಯ್ತದೆ?”

ಕಾನೂನು ನಿಮ್ಮ ಉಡಿದಾರ ನೋಡುವುದಿಲ್ಲ ಎಂದೆ. ಅವರು ಎದ್ದು ಹೋದರು. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ, ಏನಾಯಿತು ಎಂದು ಕೇಳುತ್ತಾ ಅವರ ಹಿಂದೆ ಬೇಗ ಬೇಗ ಹೆಜ್ಜೆ ಹಾಕಿದರು. ಮೂರು ವಾರ ಇಬ್ಬರ ಪತ್ತೆಯೂ ಇಲ್ಲ.

ಆ ಮೂರು ವಾರ ನನಗೆ ನನ್ನ ಮೇಲೇ ಸಿಟ್ಟು. ಹೇಳಿದ್ದು ಸರಿ, ಹೇಳಿದ ರೀತಿ ಹಾಳು. ಎಪ್ಪತ್ತೈದು ದಾಟಿದ ಮನುಷ್ಯನಿಗೆ ನಿನ್ನ ಕಾಲ ಕೆಳಗಿನ ನೆಲ ನಿನ್ನದಲ್ಲ ಎಂದು ಹಾಗೆ ಹೇಳುತ್ತಾರೆಯೇ. ಕೈಲಾದದ್ದು ಮಾಡೋಣ ಎಂದು ಆ ದಾನಪತ್ರದ ದೃಢೀಕೃತ ನಕಲಿಗೆ ಅರ್ಜಿ ಹಾಕಿದೆ. ನಕಲು ಬಂದ ಮೇಲೆ ಸಾಲು ಸಾಲಾಗಿ ಓದಿದೆ. ಎಲ್ಲ ದಾನಪತ್ರಗಳಲ್ಲೂ ಇರುವ ಸಾಲುಗಳೇ. “ನನ್ನ ಹಿರಿಯ ಮಗನಾದ ನಿನ್ನ ಮೇಲೆ ನನಗಿರುವ ಪ್ರೀತಿ ವಿಶ್ವಾಸಗಳಿಂದಲೂ, ನೀನು ನನ್ನ ಯೋಗಕ್ಷೇಮ ನೋಡಿಕೊಂಡು ಬರುತ್ತಿರುವುದರಿಂದ ಸಂತೋಷಪಟ್ಟೂ” ಎಂದು ಶುರುವಾಗಿ, “ಈ ದಿವಸವೇ ಸ್ವತ್ತನ್ನು ನಿನ್ನ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ” ಎಂಬಲ್ಲಿಗೆ ಮುಗಿಯುವ ಪಾಠ. ನಾನೂ ತಿಂಗಳಿಗೆ ಎರಡು ಮೂರು ಸಲ ಅದನ್ನೇ ಬರೆಯುತ್ತೇನೆ. ಆದರೆ ಕೊನೆಯ ಪುಟದಲ್ಲಿ ಒಂದು ಕೊರತೆ ಕಂಡಿತು. ದಾನ ಪಡೆದವನು ಒಪ್ಪಿಕೊಂಡಿದ್ದೇನೆ ಎಂದು ಹಾಕುವ ರುಜು ಇರಲಿಲ್ಲ. ಯಜಮಾನರ ರುಜು, ಇಬ್ಬರು ಸಾಕ್ಷಿಗಳ ರುಜು, ಬರಹಗಾರನದ್ದು, ಅಷ್ಟೇ.

ಕಾನೂನಿನಲ್ಲಿ ದಾನ ಪೂರ್ತಿಯಾಗಬೇಕಾದರೆ ಕೊಡುವವರು ಬದುಕಿರುವಾಗಲೇ ಪಡೆಯುವವನು ಅದನ್ನು ಒಪ್ಪಿಕೊಳ್ಳಬೇಕು. ರುಜುವೇ ಬೇಕೆಂದಿಲ್ಲ, ನಡತೆಯಲ್ಲಿ ಒಪ್ಪಿಕೊಂಡರೂ ಸಾಕು. ಖಾತೆ ಮಾಡಿಸಿಕೊಂಡರೆ, ಕಂದಾಯ ಕಟ್ಟಿದರೆ, ಕಾಯಿ ಕೀಳಿಸಿ ಮಾರಿದರೆ ಒಪ್ಪಿಕೊಂಡ ಹಾಗೆಯೇ. ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ಪಹಣಿ ತೆಗೆಸಿದೆ, ಖಾತೆ ಬದಲಾವಣೆಯ ಪುಸ್ತಕ ನೋಡಿದೆ. ತೋಟ ಈಗಲೂ ಯಜಮಾನರ ಹೆಸರಿನಲ್ಲೇ ಇತ್ತು. ಇಷ್ಟು ವರ್ಷ ಯಾರೂ ಅರ್ಜಿ ಹಾಕಿರಲಿಲ್ಲ. ನನ್ನ ಮುಖ ಆಗ ಸ್ವಲ್ಪ ಅರಳಿತು. ಮೊಪೆಡ್ಡಿಗೆ ಪೆಟ್ರೋಲು ಹಾಕಿಸಿಕೊಂಡು ಅವರ ಊರಿಗೇ ಹೊರಟೆ.

ಯಜಮಾನರು ಜಗಲಿಯ ಮೇಲಿದ್ದರು. ನನ್ನನ್ನು ನೋಡಿ ಕೋಲು ಸರಿಸಿ ಜಾಗ ಮಾಡಿದರು. ನಾನು ಮೊದಲು ತಪ್ಪಾಯಿತು ಎಂದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದೆ: ಈ ಕಾಗದದ ವಿಷಯ ಹಿರಿಯ ಮಗನಿಗೆ ಗೊತ್ತೇ? ಅವನಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಹೇಳುವಂಥ ಮಾತಾ ಅದು ಎಂದರು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಬಂದರು. ಯಜಮಾನರ ಮುಖ ಸಣ್ಣದಾಯಿತು. ಆಗ ನನಗೆ ಹೊಳೆಯಿತು, ಹೆಂಡತಿಗೂ ಗೊತ್ತಿಲ್ಲ.

ಉಡಿದಾರದ ಬೀಗದಕೈ ಈಸಿಕೊಂಡು ಪೆಟ್ಟಿಗೆ ತೆಗೆದದ್ದು ಅಜ್ಜಿಯೇ. ಧಾರೆ ಸೀರೆ, ಮಕ್ಕಳ ಜಾತಕ, ಹಳೆಯ ಕಂದಾಯದ ರಸೀದಿಗಳು, ಎಲ್ಲದರ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಅಸಲು ದಾನಪತ್ರ. ಅದರಲ್ಲಿ ಏನಿದೆ ಎಂದು ನಾನು ಓದಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಗಂಡನ ಕಡೆ ತಿರುಗಿದರು.

“ಇಷ್ಟೊರ್ಸ ಈ ಪೆಟ್ಗೆ ಮ್ಯಾಲೇ ಕುಂತು ಎಲೆ ಆಕ್ಕಂಡಿವ್ನಿ. ನನ್ ಅಡೀಲೇ ಮನೆ ಓಗಿತ್ತಾ?”

ಯಜಮಾನರು ಆಗ ತಮ್ಮ ಲೆಕ್ಕಾಚಾರ ಹೇಳಿಕೊಂಡರು. ಆಪರೇಷನ್ನಿನ ಹೊತ್ತಿನಲ್ಲಿ ಕಿರಿಯವನು ನಾಟಕದ ಕಂಪನಿಯ ಹಿಂದೆ ಅಲೆಯುತ್ತಿದ್ದ, ಇಸ್ಪೀಟು ಬೇರೆ. ಹೇಳದೆ ಕೇಳದೆ ಜೋಡೆತ್ತು ಮಾರಿಬಿಟ್ಟಿದ್ದ. ಅವನ ಕೈಗೆ ತೋಟ ಸಿಕ್ಕಿದರೆ ಒಂದು ಬೆಳೆಯೂ ಉಳಿಯುವುದಿಲ್ಲ ಎನಿಸಿತು. ಹಿರಿಯವನು ಗಟ್ಟಿ, ಅವನ ಹೆಸರಿಗೆ ಬರೆದರೆ ಅಮ್ಮನನ್ನೂ ತಮ್ಮನನ್ನೂ ಅವನೇ ನೋಡಿಕೊಳ್ಳುತ್ತಾನೆ. ಸಾವಿನ ಮಾತು ಬೇಡ ಎಂದದ್ದಕ್ಕೆ ಬರಹಗಾರ ಹಾಗಿದ್ದರೆ ದಾನಪತ್ರ ಆಗುತ್ತದೆ ಎಂದ, ಇವರು ಆಗಲಿ ಎಂದರು. ಕಾಗದ ಪೆಟ್ಟಿಗೆಯಲ್ಲಿರುವ ತನಕ ಏನೂ ಕೊಟ್ಟ ಹಾಗಾಗುವುದಿಲ್ಲ ಎಂದೇ ಅವರು ನಂಬಿದ್ದರು. ಹೆದರಿಕೆಯಿಂದ ಉಯಿಲನ್ನು ದಾನವಾಗಿಸಿದ್ದರು, ಆಮೇಲೆ ದಾನವನ್ನು ಉಯಿಲಿನಂತೆ ಬಚ್ಚಿಟ್ಟಿದ್ದರು. ಆ ಬಚ್ಚಿಟ್ಟದ್ದೇ ಈಗ ಅವರನ್ನು ಉಳಿಸಬಹುದು ಎಂದು ನಾನು ಹೇಳಿದಾಗ, ಅದನ್ನೇ ಅಲ್ಲವೇ ಅವತ್ತು ನಾನು ಹೇಳಿದ್ದು ಎಂದು ನನ್ನನ್ನೇ ಗದರಿದರು. ನಾನು ಸುಮ್ಮನೆ ಬೈಸಿಕೊಂಡೆ.

ಮರುವಾರ ಹಾಸನಕ್ಕೆ ಹೋಗಿ ಸೀನಿಯರ್ ಮುಂದೆ ಕಾಗದಗಳನ್ನೆಲ್ಲ ಹರಡಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿರುವುದು ಅಪಾಯ, ಆದರೆ ಪಹಣಿ, ಕಂದಾಯ, ಕರೆಂಟು ಬಿಲ್ಲು ಎಲ್ಲ ಅಪ್ಪನ ಹೆಸರಲ್ಲಿದೆ, ಮಗನಿಗೆ ವಿಷಯವೇ ಗೊತ್ತಿಲ್ಲ, ದಾನ ಪೂರ್ತಿಯಾಗಿಲ್ಲ ಎಂದರು. ಆಮೇಲೆ ತಮ್ಮ ಸಲಹೆ ಕೊಟ್ಟರು. ಯಜಮಾನರೊಬ್ಬರೇ ರದ್ದು ಪತ್ರ ನೋಂದಾಯಿಸಿಬಿಡಲಿ, ಮಗನಿಗೆ ತಿಳಿಸಬೇಡಿ. ಯಾಕೆಂದರೆ ತಿಳಿಸಿದ ಕ್ಷಣ ಅವನು ನಾನು ಒಪ್ಪಿಕೊಂಡೆ ಎಂದುಬಿಟ್ಟರೆ ಅಲ್ಲಿಗೆ ದಾನ ಪೂರ್ತಿ. ಮುದುಕಿಯ ಸೂರೂ ಹೋಯಿತು, ಕಿರಿಯವನ ಇಷ್ಟು ವರ್ಷದ ದುಡಿಮೆಯೂ ಹೋಯಿತು. ಮಾತು ನನಗೆ ಒಪ್ಪಿಗೆಯಾಯಿತು. ಬಸ್ಸಿನಲ್ಲಿ ಬರುವಾಗಲೇ ರದ್ದು ಪತ್ರದ ಕರಡು ತಲೆಯಲ್ಲಿ ಸಿದ್ಧವಾಗಿತ್ತು.

ಕರಡು ಓದಿ ಹೇಳಲು ಈ ಸಲ ಇಬ್ಬರನ್ನೂ ಒಳಗೆ ಕೂರಿಸಿದೆ. ಯಜಮಾನರು ತಲೆಯಾಡಿಸಿದರು, ಅವರಿಗೆ ಗುಟ್ಟಿನ ಕೆಲಸ ಎಂದರೆ ಮೊದಲಿನಿಂದಲೂ ಇಷ್ಟ. ಅಜ್ಜಿ ಎಲೆಯನ್ನು ಬಾಯಿಗೆ ಹಾಕುವವರು ಕೈಯಲ್ಲೇ ಹಿಡಿದು ಕೂತರು.

“ಒಂದ್ಸಲ ಮುಚ್ಚಿಟ್ಟಿದ್ಕೇ ಇಷ್ಟಾಯ್ತು. ಅದ್ನ ಸರಿ ಮಾಡಾಕೆ ಇನ್ನೊಂದ್ ಮುಚ್ಚಿಡ್ತೀರಾ ಲಾಯರವ್ವ? ನಾವ್ ಕಣ್ ಮುಚ್ಚಿದ್ ಮ್ಯಾಲೆ ಅವ್ನಿಗೆ ಗೊತ್ತಾದ್ರೆ, ಕೊಟ್ಟಿದ್ನ ಕಳ್ರಂಗೆ ಕಿತ್ಕಂಡ್ರು ಅಂತಾನೆ. ಅಣ್ತಮ್ಮ ಮೊಕ ನೋಡ್ತಾರಾ?”

ಅವನು ಒಪ್ಪಿಕೊಂಡುಬಿಟ್ಟರೆ ಏನಾಗುತ್ತದೆ ಎಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. ಮನೆ ಅವನದಾಗುತ್ತದೆ, ನೀವು ಅವನ ದಯದಲ್ಲಿ ಇರಬೇಕಾಗುತ್ತದೆ, ನಾನು ಆಮೇಲೆ ಏನೂ ಮಾಡಲಾರೆ. ಅಜ್ಜಿ ಎಲ್ಲ ಕೇಳಿದರು.

“ಒಪ್ಕಂಡ್ರೆ ಒಪ್ಕಳ್ಲಿ. ನಾನ್ ಎತ್ತ ಮಗ ಎಂಥೋನು ಅಂತ ನಾನೂ ವಸಿ ನೋಡ್ಬೇಕು.”

ಕಕ್ಷಿದಾರರು ಯಜಮಾನರು, ಅಜ್ಜಿಯಲ್ಲ. ಆದರೆ ಯಜಮಾನರು ಗೋಡೆ ನೋಡುತ್ತಾ ಅವಳು ಹೇಳಿದ ಹಾಗೇ ಮಾಡಿ ಎಂದರು. ನಾನು ಕರಡನ್ನು ಹರಿದೆ. ಸೀನಿಯರ್‌ಗೆ ಫೋನ್ ಮಾಡಿ ಹೇಳಿದಾಗ ಅವರು ನಿನ್ನ ಇಷ್ಟ ಎಂದು ಇಟ್ಟುಬಿಟ್ಟರು.

ಮೊದಲು ಅಜ್ಜಿ ಕಿರಿಯ ಮಗನಿಗೆ ತಿಳಿಸಿದರು. ಅವನು ಹಾಲು ಕರೆಯುತ್ತಿದ್ದವನು ಕರೆಯುವುದನ್ನು ನಿಲ್ಲಿಸಲಿಲ್ಲವಂತೆ. ಆಗ ನಾನಿದ್ದ ಗತಿಗೆ ಅಪ್ಪ ಬರೆದದ್ದು ಸರಿಯಾಗೇ ಇದೆ ಎಂದನಂತೆ. ಬ್ಯಾಂಕಿಗೆ ಮಾತ್ರ ಸ್ವಲ್ಪ ತಡೆಯಿರಿ ಎಂದು ತಾನೇ ಹೋಗಿ ಹೇಳಿ ಬಂದ.

ಆ ಭಾನುವಾರ ನಾವು ಮೂವರು ಅರಕಲಗೂಡಿನ ಬಸ್ಸು ಹತ್ತಿದೆವು. ಹಿರಿಯ ಮಗನದು ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ, ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅಪ್ಪ ಅಮ್ಮನ ಜೊತೆ ವಕೀಲಳನ್ನು ಕಂಡು ಅವನ ಮುಖ ಬಿಗಿಯಾಯಿತು. ಕಾಫಿಯಾದ ಮೇಲೆ ಅಜ್ಜಿಯೇ ಎಲ್ಲ ಹೇಳಿದರು, ಒಂದು ಮಾತನ್ನೂ ಮುಚ್ಚಲಿಲ್ಲ. ಯಜಮಾನರು ಕೋಲಿನ ತುದಿ ನೋಡುತ್ತಾ ಕೂತಿದ್ದರು. ಮಗ ದಾನಪತ್ರ ಕೈಗೆ ತೆಗೆದುಕೊಂಡು ಓದತೊಡಗಿದ. ನಾಲ್ಕು ಪುಟ ಓದಲು ಅಷ್ಟು ಹೊತ್ತು ಬೇಡ. ಮೊದಲ ಪುಟಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದ. ಸೊಸೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದವಳು ಕೊನೆಗೆ ಬಾಯಿ ಬಿಟ್ಟಳು.

“ನಮ್ಗೂ ಎಲ್ಡ್ ಮಕ್ಳವ್ರೆ ಅತ್ತೆ. ವಸಿ ಯೋಚ್ನೆ ಮಾಡಿ ಯೋಳ್ತೀವಿ.”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಾಡಿಗೆ ಮನೆಯಲ್ಲಿ ಹದಿನೈದು ವರ್ಷ ಕಳೆದವಳ ಮುಂದೆ ಮನೆ ತೋಟ ಇಟ್ಟು, ಬೇಡ ಅನ್ನು ಎಂದರೆ ಯಾರಾದರೂ ಯೋಚಿಸುತ್ತಾರೆ. ವಾಪಸು ಬಸ್ಸಿನಲ್ಲಿ ಯಜಮಾನರು ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ಅಜ್ಜಿ ಮಾತ್ರ ಸೊಸೆ ಕೊಟ್ಟ ಅವರೆಕಾಳಿನ ಚೀಲ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೊಡೆದರು.

ಎಂಟು ದಿನ ಏನೂ ಸುದ್ದಿಯಿಲ್ಲ. ಬಾಗಿಲಲ್ಲಿ ಅಂಚೆಯವನು ಕಂಡರೆ ಬೇರೆ ವಕೀಲರ ನೋಟೀಸು ಬಂತೇನೋ ಎಂದುಕೊಳ್ಳುತ್ತಿದ್ದೆ. ಒಂಬತ್ತನೆಯ ದಿನ ಹಿರಿಯ ಮಗನೇ ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ, ಜೇಬಿನಲ್ಲಿ ಕಟಿಂಗ್ ಪ್ಲೇಯರ್. ಎದುರಿಗೆ ಕೂತವನು ನೇರವಾಗಿ ಕೇಳಿದ.

“ನಾನ್ ಇವತ್ತು ಒಪ್ಕಂಡಿವ್ನಿ ಅಂದ್ರೆ ಎಲ್ಲಾ ನಂದೇ ಆಯ್ತದಾ ಮೇಡಂ?”

ನಾನು ನಿಮ್ಮ ತಂದೆಯ ವಕೀಲಳು, ಇದನ್ನು ಬೇರೆಯವರ ಹತ್ತಿರ ಕೇಳಿ ಎಂದೆ. ಅವನು ಏಳಲಿಲ್ಲ. ನೀವೇ ಹೇಳಿ ಎಂದು ಕೂತ. ಸುಳ್ಳು ಹೇಳಬಹುದಿತ್ತು, ಅಥವಾ ವಕೀಲರ ಭಾಷೆಯಲ್ಲಿ ಸುತ್ತಿ ಬಳಸಿ ಏನೂ ಹೇಳದೆ ಇರಬಹುದಿತ್ತು, ಅದು ನನಗೆ ಬರುತ್ತದೆ. ಅಜ್ಜಿಯ ಮುಖ ನೆನಪಿಗೆ ಬಂತು. ಆಗುತ್ತದೆ ಎಂದೆ. ಅವನು ಮೊದಲ ಸಲ ಸ್ವಲ್ಪ ನಕ್ಕ.

“ಅರ್ಕಲ್ಗೂಡಲ್ಲಿ ಲಾಯರ್ನ ಕೇಳೇ ಬಂದಿವ್ನಿ. ನೀವು ನಿಜ ಯೋಳ್ತೀರಾ ಅಂತ ನೋಡ್ದೆ.”

ಆಮೇಲೆ ಅವನು ಹೇಳಿದ್ದು ಇಷ್ಟು. ಮೂರು ದಿನ ಗಂಡ ಹೆಂಡತಿ ಜಗಳ ಆಡಿದ್ದಾರೆ. ನಾಲ್ಕನೆಯ ದಿನ ಹೆಂಡತಿ, ತೋಟದಲ್ಲಿ ಅರ್ಧ ಹೇಗೂ ಬರುತ್ತದೆ, ಹಿತ್ತಲ ಜಾಗವೊಂದನ್ನು ನಮಗೆ ಬರೆಯಲಿ, ನೀವು ರಿಟೈರಾದ ಮೇಲೆ ಒಂದು ಮನೆ ಕಟ್ಟಿಕೊಳ್ಳೋಣ, ಅತ್ತೆಯನ್ನು ಏಳಿಸಿ ಆ ಮನೆ ನನಗೆ ಬೇಡ ಎಂದಿದ್ದಾಳೆ. ಹಿತ್ತಲ ಜಾಗದ ಮಾತು ಯಜಮಾನರಿಗೂ ಒಪ್ಪಿಗೆಯಾಗುತ್ತದೆ ಎಂದು ನಾನು ಹೇಳಿದೆ. ರುಜು ಎಲ್ಲಿ ಹಾಕಬೇಕು, ಯಾವತ್ತು ಬರಬೇಕು ಎಂದು ಕೇಳಿದ. ಏಳುವ ಹೊತ್ತಿಗೆ ಮತ್ತೆ ಕೂತ.

“ಒಂದ್ ಮಾತು ಮೇಡಂ. ಸಣ್ಣೋನಿಂದ ಇವತ್ತಿನವರ್ಗೂ ಅಪ್ಪ ನಂಗೆ ಒಂದ್ ಒಳ್ಳೆ ಮಾತಾಡಿಲ್ಲ. ಎಲ್ಲಾ ತಮ್ಮುಂದೇ ಜಪ. ಇದ್ರಲ್ಲಿ ನೋಡಿ, ನಿನ್ನ ಮೇಲೆ ನನಗಿರುವ ಪ್ರೀತಿ ವಿಶ್ವಾಸ ಅಂತ ಬರ್ಸವ್ರೆ. ಕಾಗ್ದ ರದ್ದು ಮಾಡ್ಕಳಿ. ನಂಗೊಂದ್ ಜೆರಾಕ್ಸ್ ಕೊಡಿ.”

ಆ ಸಾಲು ಪ್ರತಿ ದಾನಪತ್ರದಲ್ಲೂ ಇರುತ್ತದೆ, ಮಾದರಿ ಪತ್ರ ನೋಡಿ ಇಳಿಸುವ ಸಾಲು ಅದು. ಅಪರೂಪಕ್ಕೆ ನಾನು ಬಾಯಿ ಮುಚ್ಚಿಕೊಂಡು ಕೂತೆ.

ಉಳಿದದ್ದು ಕಚೇರಿ ಕೆಲಸ, ಅದರಲ್ಲೂ ಒಂದು ಅಡ್ಡಿ ಬಂತು. ಆಷಾಢ ಕಾಲಿಟ್ಟಿತ್ತು. ಪುರೋಹಿತರ ಮಗಳಾಗಿ ಇಷ್ಟೂ ಗೊತ್ತಿಲ್ಲವೇ, ಶ್ರಾವಣ ಬರಲಿ ಎಂದು ಯಜಮಾನರು ಹಟ ಹಿಡಿದರು. ಬ್ಯಾಂಕಿನವರು ಅಷ್ಟು ದಿನ ಕಾಯುವುದಿಲ್ಲ ಎಂದರೂ ಕೇಳಲಿಲ್ಲ. ಕೆಟ್ಟ ಮಾತು ಬರೆಸಲು ಕೆಟ್ಟ ತಿಂಗಳೇ ಸರಿ, ಶ್ರಾವಣವನ್ನು ಯಾಕೆ ಹಾಳು ಮಾಡಬೇಕು ಎಂದು ಅಜ್ಜಿ ತೀರ್ಪು ಕೊಟ್ಟ ಮೇಲೆ ಒಪ್ಪಿದರು. ನನಗೂ ಅದೇ ಬೇಕಾಗಿತ್ತು. ಆಷಾಢದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜನವೇ ಇರುವುದಿಲ್ಲ, ನಿಧಾನವಾಗಿ ಕೆಲಸ ಮಾಡಿಸಬಹುದು.

ಮೊದಲು ರದ್ದು ಪತ್ರ. ದಾನವನ್ನು ತಾನು ಎಂದೂ ಒಪ್ಪಿಕೊಂಡಿಲ್ಲ, ಸ್ವಾಧೀನಕ್ಕೂ ಬಂದಿಲ್ಲ ಎಂದು ಹಿರಿಯ ಮಗ, ಅಪ್ಪನ ಜೊತೆ ತಾನೂ ರುಜು ಹಾಕಿದ. ಆಮೇಲೆ ಉಯಿಲು. ಯಜಮಾನರಿಗೆ ಬುದ್ಧಿ ಸ್ವಾಧೀನವಿದೆ ಎಂಬ ಡಾಕ್ಟರ ಪತ್ರ ಲಗತ್ತಿಸಿದೆ. ಸಾಕ್ಷಿಗೆ ಜೆರಾಕ್ಸ್ ಅಂಗಡಿಯವರು ಮತ್ತು ಒಬ್ಬ ನಿವೃತ್ತ ಮೇಷ್ಟ್ರು, ಆಸ್ತಿ ಪಡೆಯುವವರು ಯಾರೂ ಸಾಕ್ಷಿ ಹಾಕುವಂತಿಲ್ಲ. ತೋಟ ಇಬ್ಬರಿಗೂ ಅರ್ಧರ್ಧ. ಮನೆ ಅಜ್ಜಿಗೆ ಜೀವವಿರುವವರೆಗೆ, ನಂತರ ಕಿರಿಯವನಿಗೆ. ಹಿತ್ತಲ ಜಾಗ ಹಿರಿಯವನಿಗೆ. ಚನ್ನರಾಯಪಟ್ಟಣದಲ್ಲಿ ಒಬ್ಬ ಮಗಳಿದ್ದಾಳೆಂದು ಯಜಮಾನರಿಗೆ ಜ್ಞಾಪಕ ಬಂದದ್ದು ಅಜ್ಜಿ ಹೇಳಿದ ಮೇಲೆ. ಬಾವಿ ಕಡೆಯ ಎರಡು ಸಾಲು ಮರದ ಫಸಲು ಅವಳಿಗೆ ಎಂದು ಸೇರಿಸಿದೆವು. “ನನ್ನ ಮರಣಾನಂತರ” ಎಂಬ ಮಾತು ಐದು ಕಡೆ ಬಂದಿತ್ತು. ಬರೆಯದೆ ಇದ್ದದ್ದಕ್ಕೆ ಆದದ್ದು ಸಾಕು, ಬರೆಯಿರಿ ಎಂದು ಅಜ್ಜಿಯೇ ಹೇಳಿದ್ದರು.

ಸಬ್ ರಿಜಿಸ್ಟ್ರಾರ್ ಯಜಮಾನರನ್ನು ಎದುರಿಗೆ ನಿಲ್ಲಿಸಿಕೊಂಡು, ಇದು ಏನು ಪತ್ರ ಗೊತ್ತೇ ಎಂದು ಕೇಳಿದರು. ಇದಕ್ಕೆ ನಾನು ಉತ್ತರ ಕೊಡುವಂತಿಲ್ಲ, ಬರೆದುಕೊಟ್ಟವರೇ ಹೇಳಬೇಕು. ಯಜಮಾನರು ಕೋಲನ್ನು ಎರಡೂ ಕೈಯಲ್ಲಿ ಹಿಡಿದರು. ಅಜ್ಜಿಯ ಕಡೆ ನೋಡಿದರು. ಅವರು ಎಲೆಯಡಿಕೆ ಚೀಲದ ದಾರ ಎಳೆಯುತ್ತಿದ್ದರು, ಸಹಾಯಕ್ಕೆ ಬರಲಿಲ್ಲ.

“ನಾನ್ ಸತ್ ಮ್ಯಾಲೆ ಓದೋ ಕಾಗ್ದ ಸಾ.”

ಹೇಳಿ ಸುತ್ತಲೂ ಒಮ್ಮೆ ನೋಡಿದರು. ಏನೂ ಆಗಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಒತ್ತಿದರು, ರುಜು ಮಾಡಿದರು, ಕಾಫಿ ಕುಡಿಯೋಣ ಎಂದರು.

ಎಲ್ಲರೂ ಹೋಟೆಲಿಗೆ ಹೊರಟಾಗ ಹಿರಿಯ ಮಗ ಹಿಂದೆ ಉಳಿದ. ಹಳೆಯ ದಾನಪತ್ರದ ನಾಲ್ಕೂ ಪುಟದ ಜೆರಾಕ್ಸ್ ಮಾಡಿಸಿ ಕೊಟ್ಟೆ. ಮೊದಲ ಪುಟ ಮೇಲೆ ಬರುವಂತೆ ಮಡಿಸಿ, ಕಟಿಂಗ್ ಪ್ಲೇಯರ್ ಇಲ್ಲದ ಜೇಬಿನಲ್ಲಿಟ್ಟುಕೊಂಡು ಹೋದ.

ಯಜಮಾನರು ಆಮೇಲೂ ಏಳೆಂಟು ವರ್ಷ ಗಟ್ಟಿಮುಟ್ಟಾಗಿದ್ದರು. ಪ್ರತಿ ಸಂಕ್ರಾಂತಿಗೆ ಎರಡು ತೆಂಗಿನಕಾಯಿ ತಂದು ನನ್ನ ಮೇಜಿನ ಮೇಲಿಟ್ಟು, ನೀನು ಬರೆದದ್ದು ಇನ್ನೂ ಬಂದಿಲ್ಲ ಕಣವ್ವ ಎಂದು ಹೇಳಿ ಹೋಗುತ್ತಿದ್ದರು. ಕಿರಿಯವನ ಕೊಟ್ಟಿಗೆ ಎದ್ದಿತು, ಹಸುಗಳು ಹೆಚ್ಚಾದವು. ಹಿತ್ತಲಲ್ಲಿ ಹಿರಿಯವನು ಪಾಯ ತೆಗೆಸಿದ. ಅಂಥದ್ದೊಂದು ಸಂಕ್ರಾಂತಿಯಲ್ಲಿ ನನಗೆ ತಡೆಯಲಾಗಲಿಲ್ಲ. ಆ ಹಳೆಯ ದಾನಪತ್ರದಲ್ಲಿ ಪ್ರೀತಿ ವಿಶ್ವಾಸ ಎಂದು ಬರೆದಿತ್ತಲ್ಲ, ಅದು ನೀವು ಹೇಳಿ ಬರೆಸಿದ್ದೋ, ಬರಹಗಾರನೇ ಬರೆದದ್ದೋ ಎಂದು ಕೇಳಿದೆ. ಯಾವ ಸಾಲು ಎಂದರು. ನನಗೆ ಬಾಯಿಪಾಠವೇ ಇತ್ತು, ಹೇಳಿದೆ. ಯಜಮಾನರು ಸ್ವಲ್ಪ ಯೋಚನೆ ಮಾಡಿದರು.

“ಅವ್ನೇ ಬರ್ಕಂಡಿದ್ದ. ಓದ್ದ. ನಿಜವೇ ಅಲ್ವಾ ಅನ್ನುಸ್ತು. ರುಜು ಆಕ್ದೆ.”

ಈಗಲೂ ದಾನಪತ್ರ ಬರೆದು ಕಕ್ಷಿದಾರರಿಗೆ ಓದಿ ಹೇಳುವಾಗ, ಆ ಸಾಲಿಗೆ ಬಂದ ಮೇಲೆ ಸ್ವಲ್ಪ ನಿಂತು ಅವರ ಮುಖ ನೋಡಿ ಮುಂದಕ್ಕೆ ಹೋಗುತ್ತೇನೆ.